ಒಂದು ಭಿಂಗದ ಖರೀದಿ

ನಮ್ಮ ಸಮಾಜದ ಮನೆಗಳಲ್ಲಿ ಈಗ ಡಾಕ್ಟರಿಕೆ ಓದುವ ಮಕ್ಕಳಿಗೆ ಕೊರತೆಯಿಲ್ಲ. ನಮ್ಮ ಕಾಲಕ್ಕೆ ಅಕ್ಕಲಕೋಟೆ, ಜತ್ತ ಕಡೆಯ ಹುಡುಗರು ಮ್ಯಾಟ್ರಿಕ್ ಆದೊಡನೆ ಅಂಗಡಿಯ ಗಾದಿಗೆ ಬಂದು ಕೂಡುತ್ತಿದ್ದರು. ನಾನೂ ಹಾಗೆ ಬಂದವನೇ. ಕಲಿತದ್ದು ಕನ್ನಡ ಶಾಲೆಯಲ್ಲಿ, ವ್ಯಾಪಾರ ಮಾಡಿದ್ದು ಮರಾಠಿಯಲ್ಲಿ, ಲೆಕ್ಕ ಬರೆದದ್ದು ಎರಡರಲ್ಲೂ. ಈಗಿನ ಮಕ್ಕಳು ಹಾಸ್ಟೆಲಿನಿಂದ ಫೋನು ಮಾಡಿ ಫೀಗೆ ಇಷ್ಟು, ಪುಸ್ತಕಕ್ಕೆ ಇಷ್ಟು ಎನ್ನುತ್ತಾರೆ, ಹಿರಿಯರು ಕಳಿಸುತ್ತಾರೆ. ಏನು ಕೊಂಡೆ ಎಂದು ಯಾರೂ ಕೇಳುವುದಿಲ್ಲ, ಕೇಳಿದರೂ ನಮಗೆ ತಿಳಿಯದು ಎಂಬ ಸಂಕೋಚ. ನನಗೆ ಮಾತ್ರ ಆ ಸಂಕೋಚವಿಲ್ಲ. ನಲವತ್ತು ವರ್ಷಗಳಿಗೂ ಮೇಲ್ಪಟ್ಟು ಬಟ್ಟೆಯ ಅಂಗಡಿ ನಡೆಸಿದವನು ದುಡ್ಡು ಕೊಡುವ ಮಾಲನ್ನು ಬೆರಳಲ್ಲಿ ಹಿಡಿದು ನೋಡದೆ ಬಿಡಲಾರ.

ನನ್ನ ತಮ್ಮನ ಮಗಳು ಎಂ.ಬಿ.ಬಿ.ಎಸ್. ಮುಗಿಸಿ ಈಗ ಕಣ್ಣಿನ ವಿಭಾಗದಲ್ಲಿ ಎಂ.ಎಸ್. ಮಾಡುತ್ತಿದ್ದಾಳೆ. ಮೂರು ವರ್ಷದ ಓದು. ಓದು ಎನ್ನುವುದಕ್ಕಿಂತ ದುಡಿಮೆ ಎಂದರೆ ಸರಿ. ಬೆಳಿಗ್ಗೆ ಹೊರರೋಗಿಗಳ ಸಾಲಿನಲ್ಲಿ ನಿಂತರೆ ಮಧ್ಯಾಹ್ನದ ಊಟಕ್ಕೆ ಹೊತ್ತು ಗೊತ್ತಿಲ್ಲ. ಸೇರಿದ ಕೆಲವು ತಿಂಗಳಿಗೆ ಒಂದು ಸಂಜೆ ಅವಳ ಫೋನು ಬಂತು. ನಮ್ಮ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ, ಆದ್ದರಿಂದ ಕೈ ತೊಳೆದು ಕಟ್ಟೆಯ ಮೇಲೆ ಕೂತಿದ್ದೆ.

"ದೊಡ್ಡಪ್ಪಾ, ನನಗೊಂದು ಲೆನ್ಸ್ ತಗೋಬೇಕಾಗೇದ. ಸ್ವಂತದ್ದು."

"ಚಾಳೀಸು ಬಂತೇನವಾ ಇಷ್ಟ ಬೇಗ?" ಎಂದೆ.

ಅವಳು ನಕ್ಕಳು. ಅದು ತನ್ನ ಕಣ್ಣಿಗಲ್ಲ, ರೋಗಿಯ ಕಣ್ಣಿನೊಳಗೆ ನೋಡುವುದಕ್ಕೆ ಎಂದಳು. ವಿಭಾಗದಲ್ಲಿ ಇದ್ದದ್ದು ಒಂದೇ, ಅದೂ ಗೀರು ಬಿದ್ದದ್ದು. ಹಿರಿಯರ ಕೈಯಿಂದ ಬಿಡುವಾದಾಗ ಕಿರಿಯರಿಗೆ ಸಿಗಬೇಕು. ಅಷ್ಟರಲ್ಲಿ ರೋಗಿ ಎದ್ದು ಹೋಗಿರುತ್ತಾನೆ. "ಬ್ಯಾರೆಯವ್ರು ಏನು ಕಂಡ್ರು ಅಂತ ಕೇಸ್‌ಪೇಪರದಾಗ ನೋಡಿ ಬರೀತೀನಿ ದೊಡ್ಡಪ್ಪಾ, ನಾನs ನೋಡಿದ್ದು ಅಲ್ಲ ಅದು" ಎಂದಳು. ಆ ಮಾತು ನನ್ನ ಮನಸ್ಸಿಗೆ ನಾಟಿತು. ಮಾಲು ನೋಡದೆ ಬಿಲ್ಲು ಬರೆಯುವ ಗುಮಾಸ್ತನನ್ನು ನಾನು ಅಂಗಡಿಯಲ್ಲಿ ಇಟ್ಟುಕೊಂಡವನಲ್ಲ.

ಈ ಭಿಂಗ ಎಂದರೆ ಏನು ಎಂಬುದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಕಣ್ಣಿನ ಡಾಕ್ಟರ ಮುಂದೆ ನಾವು ಗದ್ದ ಊರಿ ಹಣೆ ತಾಗಿಸಿ ಕೂಡುತ್ತೇವಲ್ಲ, ಆ ಯಂತ್ರಕ್ಕೆ ಸ್ಲಿಟ್ ಲ್ಯಾಂಪ್ ಎನ್ನುತ್ತಾರೆ. ಸ್ವೀಡನ್ನಿನ ಗುಲ್‌ಸ್ಟ್ರಾಂಡ್ ಎಂಬ ವೈದ್ಯರು 1911ರಲ್ಲಿ ಅದರ ಮೊದಲ ರೂಪವನ್ನು ತೋರಿಸಿದರು. ಅದೇ ವರ್ಷ ಅವರಿಗೆ ನೊಬೆಲ್ ಬಹುಮಾನವೂ ಬಂತು, ಅದು ಕಣ್ಣಿನ ಬೆಳಕಿನ ಲೆಕ್ಕಾಚಾರಕ್ಕೆ. ಆ ಯಂತ್ರ ಒಂದೇ ಇದ್ದರೆ ಕಣ್ಣಿನ ಮುಂಭಾಗ ಮಾತ್ರ ಕಾಣುತ್ತದೆ. ಮೋತಿಬಿಂದು ಕಾಣುತ್ತದೆ, ಗಾಯ ಕಾಣುತ್ತದೆ. ಹಿಂದಿನ ಪರದೆ, ಅಂದರೆ ರೆಟಿನಾ, ಮತ್ತು ಮಿದುಳಿಗೆ ಹೋಗುವ ನರದ ತಲೆ ಕಾಣಬೇಕಾದರೆ ನಡುವೆ ಇನ್ನೊಂದು ಭಿಂಗ ಹಿಡಿಯಬೇಕು. 1953ರಲ್ಲಿ ಈಜಿಪ್ತಿನ ಎಲ್ ಬಯಾದಿ ಎಂಬ ವೈದ್ಯರು ಸುಮಾರು 60 ನಂಬರಿನ ಉಬ್ಬು ಭಿಂಗವನ್ನು ಹಿಡಿದು ಇದನ್ನು ಮಾಡಿ ತೋರಿಸಿದರು. ಆಮೇಲೆ ಅಮೆರಿಕದ ಓಹಾಯೋ ಪ್ರಾಂತದ ಡೇವಿಡ್ ವೋಕ್ ಎಂಬವರು ಭಿಂಗದ ಎರಡೂ ಮೈಗಳನ್ನು ಬೇರೆ ರೀತಿಯ ಬಾಗಿನಲ್ಲಿ ಉಜ್ಜಿಸಿ, ಅಂಚಿನವರೆಗೂ ಚಿತ್ರ ಒಡೆಯದಂತೆ ಮಾಡಿದರು. ಇವತ್ತು ಡಾಕ್ಟರುಗಳು ಯಾವ ಕಂಪನಿಯ ಭಿಂಗ ಕೊಂಡರೂ ಬಾಯಲ್ಲಿ ಬರುವುದು ಆ ವೋಕ್ ಹೆಸರೇ. ನಾವು ವನಸ್ಪತಿ ತುಪ್ಪಕ್ಕೆಲ್ಲ ಡಾಲ್ಡಾ ಎಂದಂತೆ.

ನಂಬರು ಎಂದೆನಲ್ಲ, ಅದು ನಮ್ಮ ಚಾಳೀಸಿನ ನಂಬರೇ. ಓದುವ ಚಾಳೀಸಿನ ನಂಬರು 2 ಇದ್ದರೆ ಆ ಗಾಜು ದೂರದ ಬೆಳಕನ್ನು ಅರ್ಧ ಮೀಟರಿನಲ್ಲಿ ಕೂಡಿಸುತ್ತದೆ. 20 ಇದ್ದರೆ 5 ಸೆಂಟಿಮೀಟರಿನಲ್ಲಿ. 90 ಇದ್ದರೆ 11 ಮಿಲಿಮೀಟರಿನಲ್ಲಿ. ಒಂದನ್ನು ನಂಬರಿನಿಂದ ಭಾಗಿಸಿದರೆ ಮೀಟರಿನ ಲೆಕ್ಕ ಸಿಕ್ಕಿತು. ಇದಕ್ಕೆ ಮ್ಯಾಟ್ರಿಕ್ ಗಣಿತ ಸಾಕು. ಇಷ್ಟು ತಿಳಿದುಕೊಂಡ ಮೇಲೆ ಹುಡುಗಿಯ ಸಮಸ್ಯೆ ನನಗೆ ಅರ್ಥವಾಗತೊಡಗಿತು. ಕಲಿಯುವವರ ಮುಂದೆ ಮುಖ್ಯವಾಗಿ ಮೂರು ಭಿಂಗ ಬರುತ್ತವೆ: 20, 78 ಮತ್ತು 90. ಇವುಗಳಲ್ಲದೆ ಹೊಸ ನಮೂನೆಯ ಅಗಲ ನೋಟದವು ಬಂದಿವೆ, ಅವುಗಳ ಬೆಲೆ ಕೇಳಿದರೆ ಗಂಟಲು ಒಣಗುತ್ತದೆ.

ಇವುಗಳಲ್ಲಿ 20ರದ್ದು ಬೇರೆ ಜಾತಿ. ಅದು ಅಂಗೈಯಗಲ ಇರುತ್ತದೆ. ಡಾಕ್ಟರು ತಲೆಗೆ ದೀಪದ ಪಟ್ಟಿ ಕಟ್ಟಿಕೊಂಡು, ರೋಗಿಯನ್ನು ಮಲಗಿಸಿ, ಕಣ್ಣಿನಿಂದ ಮೂರು ಬೆರಳಿನಷ್ಟು ದೂರದಲ್ಲಿ ಅದನ್ನು ಹಿಡಿಯುತ್ತಾರೆ. ರೆಟಿನಾದ ಅಂಚಿನವರೆಗೂ ನೋಡುವುದಕ್ಕೆ, ಎಳೆ ಕೂಸುಗಳ ಕಣ್ಣಿಗೆ, ಎದ್ದು ಕೂಡಲಾಗದವರಿಗೆ ಅದೇ ಬೇಕು. ಆ ತಲೆಯ ದೀಪವನ್ನು ಎರಡು ಕಣ್ಣಿನಿಂದ ನೋಡುವಂತೆ ರೂಪಿಸಿದವರು ಬೆಲ್ಜಿಯಂನಲ್ಲಿ ಹುಟ್ಟಿದ ಚಾರ್ಲ್ಸ್ ಷೆಪೆನ್ಸ್. ಅವರ ಕಥೆಯನ್ನು ಹುಡುಗಿ ಹೇಳಿದಾಗ ನಾನು ಎರಡು ಸಲ ಹೇಳಿಸಿ ಕೇಳಿದೆ. ಎರಡನೆಯ ಮಹಾಯುದ್ಧದಲ್ಲಿ ಹಿಟ್ಲರನ ಪೋಲೀಸರಿಂದ ತಪ್ಪಿಸಿಕೊಂಡು, ಫ್ರಾನ್ಸ್ ಮತ್ತು ಸ್ಪೇನಿನ ಗಡಿಯ ಬೆಟ್ಟದ ಊರಿನಲ್ಲಿ ಹೆಸರು ಬದಲಿಸಿಕೊಂಡು ಕಟ್ಟಿಗೆ ವ್ಯಾಪಾರಿಯಾಗಿ ಕೂತರಂತೆ. ಕಟ್ಟಿಗೆ ಕೊಯ್ಯುವ ಗಿರಣಿ ನಿಜವಾಗಿಯೂ ನಡೆಯುತ್ತಿತ್ತು. ಅದರ ಮರೆಯಲ್ಲಿ ನೂರಕ್ಕೂ ಹೆಚ್ಚು ಜನರನ್ನು ಗಡಿ ದಾಟಿಸಿದರು. ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಹೋಗಿ ರೆಟಿನಾ ಶಸ್ತ್ರಚಿಕಿತ್ಸೆಯ ದೊಡ್ಡ ಗುರುಗಳಾದರು. 2006ರಲ್ಲಿ ತೀರಿಕೊಂಡರು. ವ್ಯಾಪಾರಿಯ ವೇಷ ಜೀವ ಉಳಿಸಲಿಕ್ಕೂ ಬರುತ್ತದೆ ಎಂದು ಕೇಳಿ ನನಗೆ ಖುಷಿಯಾಯಿತು, ಇದನ್ನು ಮುಚ್ಚಿಡುವುದೇಕೆ?

ಇರಲಿ. 20ರ ಭಿಂಗ ವಿಭಾಗದಲ್ಲಿ ಸಾಕಷ್ಟಿತ್ತು, ಅದರ ಚಿಂತೆ ಇರಲಿಲ್ಲ. ದಿನಾಲೂ ಸ್ಲಿಟ್ ಲ್ಯಾಂಪಿನ ಮುಂದೆ ಕೂತವರಿಗೆ ಹಿಡಿಯುವ ಭಿಂಗ 78 ಇರಬೇಕೋ 90 ಇರಬೇಕೋ ಎಂಬುದೇ ಪ್ರಶ್ನೆ. "ಒಂದs ತಗೊಳ್ಳೂದಿದ್ರ ಯಾವುದು ಅಂತ ನನಗೂ ತಿಳೀವಲ್ದು" ಎಂದಳು ಹುಡುಗಿ. ಹಿರಿಯ ವಿದ್ಯಾರ್ಥಿಗಳಲ್ಲಿ ಇಬ್ಬರು 78 ಎಂದರಂತೆ, ಮೂವರು 90 ಎಂದರಂತೆ, ಒಬ್ಬ ಹೊಸ ಅಗಲ ನೋಟದ್ದೇ ತಗೋ, ಹಿಂದುಮುಂದು ನೋಡಬೇಡ ಎಂದನಂತೆ. ಅವನ ತಂದೆಗೆ ಸಕ್ಕರೆ ಕಾರಖಾನೆಯಲ್ಲಿ ಪಾಲಿದೆಯೆಂದು ಆಮೇಲೆ ತಿಳಿಯಿತು.

ಇದರ ಒಳಗುಟ್ಟು ನಮ್ಮ ಬಟ್ಟೆ ವ್ಯಾಪಾರದಲ್ಲಿಯೂ ಇದೆ. ಸೊಲ್ಲಾಪುರದಿಂದ ಚಾದರು, ಟಾವೆಲ್ಲು, ಥಾನುಗಳನ್ನು ತರುವಾಗ ನನ್ನ ತಂದೆಯವರ ಕಾಲದಿಂದಲೂ ನಮ್ಮ ಕಿಸೆಯಲ್ಲಿ ಹಿತ್ತಾಳೆಯ ಮಡಚುವ ಭಿಂಗವೊಂದು ಇರುತ್ತಿತ್ತು. ಬಟ್ಟೆಯ ಮೇಲೆ ನಿಲ್ಲಿಸಿ ಒಂದಂಗುಲದ ಚೌಕದಲ್ಲಿ ಎಷ್ಟು ಎಳೆ ಉದ್ದಕ್ಕೆ, ಎಷ್ಟು ಅಡ್ಡಕ್ಕೆ ಎಂದು ಎಣಿಸುವುದು. ಎಳೆ ದಪ್ಪವಾಗಿ ಕಾಣಲೆಂದು ಜೋರಿನ ಭಿಂಗ ತಂದರೆ ಬಟ್ಟೆ ಸ್ವಲ್ಪವೇ ಕಾಣುತ್ತದೆ. ಹತ್ತು ಎಳೆ ಚೆನ್ನಾಗಿದ್ದು ಹನ್ನೊಂದನೆಯದು ತುಂಡಾಗಿದ್ದರೆ ಅದು ನೋಟದ ಹೊರಗೆ ಉಳಿಯುತ್ತದೆ. ಕಣ್ಣಿನ ಭಿಂಗದಲ್ಲಿಯೂ ಇದೇ ಕೊಡುಕೊಳ್ಳುವಿಕೆ, ನಂಬರಿನ ಲೆಕ್ಕ ಮಾತ್ರ ತಿರುವು. ಅಲ್ಲಿ ನಂಬರು ಹೆಚ್ಚಿದಷ್ಟು ಚಿತ್ರ ಚಿಕ್ಕದು. ಕಂಪನಿಯ ಕಾಗದದಲ್ಲಿ 78ರ ಚಿತ್ರ 0.93 ಪಟ್ಟು, 90ರದ್ದು 0.76 ಪಟ್ಟು ಎಂದಿದೆ. ಅದನ್ನು ಸ್ಲಿಟ್ ಲ್ಯಾಂಪು ಹತ್ತು ಪಟ್ಟೋ ಹದಿನಾರು ಪಟ್ಟೋ ಹಿಗ್ಗಿಸುತ್ತದೆ. ಹಾಗಾದರೆ 78 ದೊಡ್ಡದಾಗಿ ತೋರಿಸುತ್ತದೆ, ಅದನ್ನೇ ಕೊಳ್ಳಬಹುದಲ್ಲ? ಇಲ್ಲಿಯೇ ತೊಡಕು. ಪಾಪೆ ಸಣ್ಣದಿದ್ದವರ ಕಣ್ಣಿನೊಳಗೆ 90 ಸುಲಭವಾಗಿ ನುಗ್ಗುತ್ತದೆ, 78 ತಡವರಿಸುತ್ತದೆ. ಮುದುಕರ ಪಾಪೆ ವಯಸ್ಸಿನಿಂದಲೇ ಸಣ್ಣದಾಗುತ್ತದೆ. ಸಕ್ಕರೆ ರೋಗ ಬಹಳ ವರ್ಷದಿಂದ ಇದ್ದವರಿಗೆ ಔಷಧ ಹಾಕಿದರೂ ಪೂರ್ತಿ ಅರಳುವುದಿಲ್ಲ. ಸರಕಾರಿ ದವಾಖಾನೆಯ ಸಾಲಿನಲ್ಲಿ ಬರುವವರಾದರೂ ಹೆಚ್ಚಾಗಿ ಯಾರು? ಇವರೇ.

ಈ ವಿಷಯದಲ್ಲಿ ನಾನು ಇಷ್ಟು ಆಳಕ್ಕೆ ಇಳಿದದ್ದಕ್ಕೆ ದುಡ್ಡು ಒಂದೇ ಕಾರಣವಲ್ಲ. ನಮ್ಮ ಅಕ್ಕನನ್ನು ಜತ್ತ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದೆ. ಐವತ್ತೆಂಟು ದಾಟಿದ ಮೇಲೆ ಅವಳು ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳತೊಡಗಿದಳು. ಪಕ್ಕದಲ್ಲಿಟ್ಟ ತಂಬಿಗೆ ಕಾಲಿಗೆ ತಾಗಿ ಉರುಳುವುದು. ಮನೆಯವರು ವಯಸ್ಸಾಯಿತು ಎಂದರು. ಎದುರಿಗಿನದು ಓದಲಿಕ್ಕೆ ಬರುತ್ತಿದ್ದುದರಿಂದ ಅವಳೂ ಚಿಂತೆ ಮಾಡಲಿಲ್ಲ. ನಾಲ್ಕು ವರ್ಷಗಳಲ್ಲಿ ಮೂರು ಸಲ ಚಾಳೀಸು ಬದಲಾಯಿತು. ಪ್ರತಿ ಸಲವೂ ಅಕ್ಷರದ ಹಲಗೆ ಓದಿಸಿದರು, ನಂಬರು ಕೊಟ್ಟರು, ಚೌಕಟ್ಟು ಆರಿಸಿ ಎಂದರು. ಒಬ್ಬರೂ ಕಣ್ಣಿನೊಳಗೆ ಇಣುಕಲಿಲ್ಲ. ಕೊನೆಗೆ ಒಂದು ಕಣ್ಣು ಮಂಜಾದಾಗ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದೆವು. ಕಾಚಬಿಂದು ಎಂದರು. ಕನ್ನಡದ ಪತ್ರಿಕೆಗಳಲ್ಲಿ ಗ್ಲಾಕೋಮಾ ಎಂದು ಬರೆಯುವುದು ಇದನ್ನೇ. ನರ ಒಣಗಿಹೋದದ್ದು ಮತ್ತೆ ಚಿಗುರುವುದಿಲ್ಲ, ಉಳಿದ ಕಣ್ಣನ್ನು ಔಷಧದಿಂದ ಕಾಯಬೇಕು ಎಂದರು. ಈಗ ಆ ಕಣ್ಣಿನಲ್ಲಿಯೂ ಅವಳಿಗೆ ಕಾಣುವುದು ಕೊಳವೆಯಲ್ಲಿ ನೋಡಿದಷ್ಟೇ.

ಈ ರೋಗದ ಗುರುತು ಇರುವುದು ನರದ ತಲೆಯಲ್ಲಿ. ಅದು ಸುಮಾರು ಒಂದೂವರೆ ಮಿಲಿಮೀಟರಿನ ಒಂದು ತಿಳಿ ಕೇಸರಿ ಬಿಲ್ಲೆ. ಅದರ ನಡುವೆ ಬಟ್ಟಲಿನಂಥ ತಗ್ಗು. ಎಲ್ಲರಿಗೂ ಈ ಬಟ್ಟಲು ಇರುತ್ತದೆ. ಕಾಚಬಿಂದು ಇದ್ದವರಲ್ಲಿ ಬಟ್ಟಲು ವರ್ಷವರ್ಷಕ್ಕೂ ಅಗಲವಾಗಿ ಸುತ್ತಲಿನ ಅಂಚನ್ನು ತಿನ್ನುತ್ತದೆ. ಅಂಚು ಎಷ್ಟು ಉಳಿದಿದೆ ಎಂಬುದನ್ನು ಉಬ್ಬುತಗ್ಗು ತಿಳಿಯುವಂತೆ ಎರಡೂ ಕಣ್ಣಿನಿಂದ ನೋಡಬೇಕು, ಅದಕ್ಕೇ ಈ ಭಿಂಗ. ಅಕ್ಷರದ ಹಲಗೆ ಅದನ್ನು ಹೇಳುವುದಿಲ್ಲ. ರೋಗ ಬಹಳ ಮುಂದುವರಿಯುವ ತನಕ ಮನುಷ್ಯ ಕೊನೆಯ ಸಾಲಿನ ಅಕ್ಷರವನ್ನೂ ಸಲೀಸಾಗಿ ಓದುತ್ತಾನೆ. ಒಡಹುಟ್ಟಿದವರಿಗೂ ಮಕ್ಕಳಿಗೂ ಈ ರೋಗದ ಭಯ ಇತರರಿಗಿಂತ ಹೆಚ್ಚು. ಎಂದ ಮೇಲೆ ಅಕ್ಕನ ತಮ್ಮಂದಿರಾದ ನಾವಿಬ್ಬರೂ ಆ ಲೆಕ್ಕದಲ್ಲಿ ಬಂದೆವು.

ಹೀಗಾಗಿ ನಾನು ಹುಡುಗಿಗೆ ಹೇಳಿದೆ, "ದುಡ್ಡು ನಾನು ಕೊಡ್ತೀನಿ. ಆದ್ರ ಎರಡೂ ಭಿಂಗ ಯಾರದಾದ್ರೂ ಎರವಲು ತಗೊಂಡು ನನ್ನ ಕಣ್ಣಾಗs ಹಿಡಿದು ನೋಡು. ಆಮ್ಯಾಲೆ ಖರೀದಿ." ಅವಳಿಗೆ ಕಲಿಸುವ ಡಾಕ್ಟರೊಬ್ಬರು ಒಪ್ಪಿದರು. ಒಳ್ಳೆಯ ಮನುಷ್ಯರು, ತಮ್ಮ ಸ್ವಂತದ 78ನ್ನೇ ಕೊಟ್ಟರು. 90ನ್ನು ಒಬ್ಬ ಹಿರಿಯ ವಿದ್ಯಾರ್ಥಿನಿ ಕೊಟ್ಟಳು. ಸಕ್ಕರೆ ಕಾರಖಾನೆಯ ಹುಡುಗ ತಾನಾಗಿ ಬಂದು ತನ್ನ ಅಗಲ ನೋಟದ್ದನ್ನೂ ಮೇಜಿನ ಮೇಲಿಟ್ಟ.

ಭಿಂಗಗಳ ಬಗ್ಗೆ ಡಾಕ್ಟರುಗಳು ಬರೆದದ್ದು ಬಹಳ ಇರಬಹುದು, ಆದರೆ ಅದರ ಆಚೆ ಬದಿಯಲ್ಲಿ ಕೂತವನು ಹೇಳಿದ್ದು ಕಡಿಮೆ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲು ನನ್ನ ಪಾಪೆಗೆ ಔಷಧ ಹಾಕಲಿಲ್ಲ. ಕಣ್ಣಿನ ಮುಂಭಾಗದಲ್ಲಿ ನೀರು ಹರಿದುಹೋಗುವ ಮೂಲೆಯೊಂದಿದೆ; ಅದು ಇಕ್ಕಟ್ಟಾಗಿದ್ದವರಿಗೆ ಪಾಪೆ ಅರಳಿಸಿದರೆ ಒತ್ತಡ ಒಮ್ಮೆಲೇ ಏರುವ ಅಪಾಯ. ಅದನ್ನು ನೋಡುವ ತನಕ ಔಷಧ ಬೇಡ ಎಂದರು ಡಾಕ್ಟರು. ಹುಡುಗಿ 78 ಹಿಡಿದಳು. ಉಂಗುರ ದೊಡ್ಡದು, ನನ್ನ ಹುಬ್ಬಿಗೂ ಮೂಗಿಗೂ ತಾಗಿತು. ನನ್ನ ಕಣ್ಣು ಒಳಕ್ಕೆ ಕೂತ ಕಣ್ಣು. ಬೆಳಕು ಆಚೀಚೆ ಓಡಾಡಿತು. "ಅರ್ಧ ಕಾಣ್ತದ ಸರ್, ನೆರಳು ಬೀಳಾಕತ್ತೇದ" ಎಂದಳು. ಆಮೇಲೆ 90. ಅದರ ಉಂಗುರ ಚಿಕ್ಕದು, ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು ಎನ್ನಬಹುದು. ಕಣ್ಣಿನಿಂದ 7 ಮಿಲಿಮೀಟರು ದೂರದಲ್ಲಿ ನಿಲ್ಲುತ್ತದೆ. ಈ ಸಲ ಬೆಳಕು ಒಂದೇ ಕಡೆ ನಿಂತಿತು. ಅವಳ ಉಸಿರು ಒಂದು ಗಳಿಗೆ ನಿಂತದ್ದು ನನಗೆ ಕೇಳಿಸಿತು. "ಸಿಕ್ತು" ಎಂದಳು. ಕೊನೆಗೆ ಅಗಲ ನೋಟದ್ದು. ಅದನ್ನು ಕಣ್ಣಿನಿಂದ ನಾಲ್ಕೈದು ಮಿಲಿಮೀಟರಿಗೆ ತರಬೇಕು. ನನ್ನ ರೆಪ್ಪೆಗೂದಲು ಗಾಜಿಗೆ ತಾಗಿ ಕಣ್ಣು ತಾನಾಗಿ ಮುಚ್ಚಿಕೊಂಡಿತು, ನೀರೂ ಬಂತು, ಗಾಜಿನ ಮೇಲೆ ಕಲೆಯಾಯಿತು. ಪಳಗಿದ ಕೈಗೆ ಅದು ಬಹಳ ಒಳ್ಳೆಯ ಭಿಂಗವಂತೆ, ಒಂದೇ ನೋಟಕ್ಕೆ ಪರದೆಯ ಬಹುಭಾಗ ಕಾಣುತ್ತದಂತೆ. ಹೊಸ ಕೈಗೆ ಅಲ್ಲ.

ಆಮೇಲೆ ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ನಾಲ್ಕು ಕನ್ನಡಿಯ ಒಂದು ಸಣ್ಣ ಭಿಂಗವನ್ನು ಕಣ್ಣಿಗೇ ತಾಗಿಸಿ ಆ ಮೂಲೆಯನ್ನು ಡಾಕ್ಟರು ಸ್ವತಃ ನೋಡಿದರು. ಮೂಲೆ ತೆರೆದೇ ಇದೆ ಎಂದರು. ಪಾಪೆ ಅರಳಿಸಿದರು. ಅರ್ಧ ತಾಸು ಕಣ್ಣು ಮುಚ್ಚಿ ಕೂತೆ. ಆಗ 78ರ ಸರದಿ ಮತ್ತೆ ಬಂತು, ಈ ಸಲ ಅದು ತನ್ನ ಗುಣ ತೋರಿಸಿತು. ನರದ ಬಟ್ಟಲಿನ ಅಂಚು, ಅದರ ಮೇಲೆ ಬಾಗಿ ಇಳಿಯುವ ಸಣ್ಣ ರಕ್ತನಾಳ ಎಲ್ಲವೂ ದೊಡ್ಡದಾಗಿ ಸ್ಪಷ್ಟವಾಗಿ ಕಂಡವಂತೆ. ನನ್ನ ಬಟ್ಟಲು ಸ್ವಲ್ಪ ದೊಡ್ಡದು, ಅಂಚು ಚೆನ್ನಾಗಿದೆ, ವರ್ಷಕ್ಕೊಮ್ಮೆ ತಪ್ಪದೆ ತೋರಿಸಿಕೊಳ್ಳಿ ಎಂದರು. ಅವತ್ತು ಸಂಜೆವರೆಗೂ ಅಂಗಡಿಯ ವಹಿಯ ಅಕ್ಷರ ನನಗೆ ಕಾಣಲಿಲ್ಲ, ಗಲ್ಲೆಯನ್ನು ತಮ್ಮ ನೋಡಿಕೊಂಡ.

ಹೊರಗೆ ಬಂದ ಮೇಲೆ ಚರ್ಚೆ ನಡೆಯಿತು. ಡಾಕ್ಟರ ಅಭಿಪ್ರಾಯ 78ರ ಕಡೆಗೇ. ಕಲಿಯುವವರು ದೊಡ್ಡ ಚಿತ್ರ ನೋಡಿ ಕಲಿಯಬೇಕು, ಬಟ್ಟಲಿನ ಅಂಚು ಗುರುತಿಸುವುದು ಬಂದರೆ ಉಳಿದದ್ದು ಬರುತ್ತದೆ, ಪಾಪೆಯನ್ನು ಅರಳಿಸಿಯೇ ನೋಡುವ ಶಿಸ್ತು ಇರಲಿ ಎಂದರು. ಅವರ ಮಾತು ತೆಗೆದುಹಾಕುವಂಥದಲ್ಲ. ಆದರೆ ನಾನು ಹುಡುಗಿಗೆ ಅಂಗಡಿಯ ಲೆಕ್ಕ ಹೇಳಿದೆ. ಮಾಲು ತುಂಬುವುದು ದಿನಾಲೂ ಬರುವ ಗಿರಾಕಿಯನ್ನು ನೋಡಿ. ಮದುವೆಯ ಜರಿ ಸೀರೆ ಅಂಗಡಿಯಲ್ಲಿ ಇರಬೇಕು ನಿಜ, ಆದರೆ ಮೊದಲ ಬಂಡವಾಳ ಅದರ ಮೇಲೆ ಹಾಕಿದವನು ದೀಪಾವಳಿಗೆ ಮೊದಲೇ ಬಾಗಿಲು ಹಾಕುತ್ತಾನೆ. ಬೆಳಗಿನ ಹೊತ್ತಿನಲ್ಲಿ ಎಂಬತ್ತು ಜನ ಸಾಲಿನಲ್ಲಿ ನಿಂತಿರುತ್ತಾರೆ, ಅವರಲ್ಲಿ ಎಷ್ಟು ಜನರ ಪಾಪೆ ಅರಳಿಸುತ್ತೀರಿ ಎಂದು ಕೇಳಿದೆ. ಕೆಲವರದ್ದೇ ಎಂದಳು. ದೂರದ ಹಳ್ಳಿಯಿಂದ ಒಬ್ಬರೇ ಬಂದವರು ಬೇಡವೆನ್ನುತ್ತಾರೆ, ಬಸ್ಸು ಹಿಡಿಯಬೇಕು, ಕಣ್ಣು ಕುಕ್ಕುತ್ತದೆ. ಹಾಗಾದರೆ ಅರಳಿಸದ ಪಾಪೆಯಲ್ಲಿ ಅರ್ಧವಾದರೂ ತೋರಿಸುವ ಭಿಂಗ ಬೇಕೋ, ಅರಳಿಸಿದ ಮೇಲೆ ಚಂದ ತೋರಿಸುವ ಭಿಂಗ ಬೇಕೋ?

ಅವಳು ಸುಮ್ಮನಿದ್ದು ಇನ್ನೊಂದು ಮಾತು ಹೇಳಿದಳು. 90ರಲ್ಲಿ ಚಿತ್ರ ಸಣ್ಣದಾದರೂ ಸ್ಲಿಟ್ ಲ್ಯಾಂಪಿನ ಚಕ್ರ ತಿರುಗಿಸಿ ಇನ್ನೊಂದು ಹೆಜ್ಜೆ ಹಿಗ್ಗಿಸಬಹುದು. ನರದ ತಲೆಯನ್ನು ಅಳೆಯುವುದೂ ಬರುತ್ತದೆ: ಬೆಳಕಿನ ಪಟ್ಟಿಯನ್ನು ಬಿಲ್ಲೆಯಷ್ಟೇ ಉದ್ದ ಮಾಡಿ, ಯಂತ್ರದ ಮೇಲಿನ ಅಂಕಿ ಓದಿ, 90 ಆದರೆ ಸುಮಾರು 1.3ರಿಂದ, 78 ಆದರೆ ಸುಮಾರು 1.1ರಿಂದ ಗುಣಿಸಬೇಕು. ಗಜಕೋಲಿನಿಂದ ಮೀಟರಿಗೆ ತಂದಂತೆ. ಬಿಲ್ಲೆಯ ಅಳತೆ ಯಾಕೆ ಎಂದರೆ, ದೊಡ್ಡ ಬಿಲ್ಲೆಯಲ್ಲಿ ದೊಡ್ಡ ಬಟ್ಟಲು ಇದ್ದರೆ ಅದು ರೋಗವಾಗಿರಬೇಕಿಲ್ಲ. ಸಣ್ಣ ಬಿಲ್ಲೆಯಲ್ಲಿ ಅದೇ ಬಟ್ಟಲು ಕಂಡರೆ ಎಚ್ಚರ. ನನ್ನದು ದೊಡ್ಡ ಬಿಲ್ಲೆಯೆಂದು ಹೀಗೆಯೇ ತಿಳಿಯಿತು. ಅಂತೂ 90 ಮೊದಲು, 78ನ್ನು ಮುಂದಿನ ವರ್ಷ ಅವಳ ಸ್ಟೈಪೆಂಡಿನಲ್ಲಿ ಎಂದು ತೀರ್ಮಾನವಾಯಿತು. ಡಾಕ್ಟರು ನಕ್ಕು, "ತುಮಚೇ ಕಾಕಾ ಪಕ್ಕೇ ವ್ಯಾಪಾರೀ ಆಹೇತ" ಎಂದರಂತೆ. ಮರಾಠಿಯಲ್ಲಿ ದೊಡ್ಡಪ್ಪನೂ ಕಾಕಾ ಆಗುವುದುಂಟು, ನಾನು ಬೇಸರಪಡಲಿಲ್ಲ.

ಬೆಲೆಯನ್ನು ಇಲ್ಲಿ ಬರೆಯುವುದಿಲ್ಲ. ಡಾಲರಿನ ದರದೊಂದಿಗೆ ಏರಿಳಿಯುತ್ತದೆ, ಓದುಗರು ಆ ಅಂಕಿ ಹಿಡಿದು ಅಂಗಡಿಯವರೊಡನೆ ಜಗಳವಾಡಬಾರದು. ನಮ್ಮ ದೇಶದಲ್ಲಿ ತಯಾರಾದವು ಬಹಳ ಅಗ್ಗಕ್ಕೆ ಸಿಗುತ್ತವೆ, ಕೆಲವು ಚೆನ್ನಾಗಿಯೂ ಇವೆ. ಓದು ಮುಗಿಸಿ ಹೋಗುವ ಹಿರಿಯ ವಿದ್ಯಾರ್ಥಿಗಳು ತಮ್ಮವನ್ನು ಮಾರುವುದೂ ಉಂಟು. ಹಳೆಯದು ಕೊಳ್ಳುವುದು ಅವಮಾನವೇನಲ್ಲ, ನೋಡಿ ಕೊಳ್ಳಬೇಕು ಅಷ್ಟೆ. ನಾನು ಕಲಿತ ಪರೀಕ್ಷೆ ಹೀಗಿದೆ. ಟ್ಯೂಬ್‌ಲೈಟಿನ ಕೆಳಗೆ ಭಿಂಗ ಹಿಡಿದು ದೀಪದ ಪ್ರತಿಬಿಂಬ ನೋಡಬೇಕು. ಮೇಲಿನ ಲೇಪ ಸರಿಯಾಗಿದ್ದರೆ ಪ್ರತಿಬಿಂಬ ಮಂದವಾಗಿ, ತುಸು ಹಸಿರೋ ನೇರಳೆಯೋ ಬಣ್ಣದಲ್ಲಿ ಕಾಣುತ್ತದೆ. ಬೆಳ್ಳಗೆ ಝಗಮಗಿಸಿದರೆ ಲೇಪವಿಲ್ಲ, ಇಲ್ಲವೇ ಸವೆದಿದೆ. ಅಂಥ ಭಿಂಗದಲ್ಲಿ ಡಾಕ್ಟರಿಗೆ ರೋಗಿಯ ಕಣ್ಣಿಗಿಂತ ತಮ್ಮ ದೀಪವೇ ಹೆಚ್ಚು ಕಾಣುತ್ತದೆ. ಅಂಚಿನಲ್ಲಿ ಚಕ್ಕೆ ಎದ್ದಿದೆಯೋ ಎಂದು ಉಗುರಿನಿಂದ ಸವರಿ ನೋಡಬೇಕು. ಹೊಸದಾದರೆ ಉಂಗುರದ ಮೇಲಿನ ನಂಬರು, ಡಬ್ಬಿಯ ಮೇಲಿನ ನಂಬರು, ಬಿಲ್ಲಿನ ನಂಬರು ಮೂರೂ ತಾಳೆಯಾಗಬೇಕು. ಒಬ್ಬ ಮಾರಾಟಗಾರ ಬಿಲ್ಲಿಲ್ಲದೆ ಕೊಟ್ಟರೆ ಇಷ್ಟು ಕಡಿಮೆ ಎಂದ. ಬಿಲ್ಲಿಲ್ಲದ ಮಾಲಿನ ಗತಿ ನನಗೆ ಗೊತ್ತಿಲ್ಲವೇ, ಬೇಡವೆಂದೆ. ಬಣ್ಣಬಣ್ಣದ ಉಂಗುರಗಳಲ್ಲಿ ಬರುತ್ತವೆ. ಹುಡುಗಿ ಕಪ್ಪು ಎಂದಳು, ನಾನು ಕೆಂಪು ಎಂದೆ. ಜನಜಂಗುಳಿಯಲ್ಲಿ ಮೇಜಿನ ಮೇಲೆ ಮರೆತು ಹೋದರೆ ಕೆಂಪು ದೂರದಿಂದಲೇ ಕೂಗುತ್ತದೆ. ಕೆಂಪೇ ಬಂತು.

ಕೊಂಡ ಮೇಲೆ ಕಲಿಯುವ ಕಷ್ಟ ಬೇರೆಯೇ ಇದೆ. ಈ ಭಿಂಗದಲ್ಲಿ ಎಲ್ಲವೂ ತಲೆಕೆಳಗು, ಎಡಬಲವೂ ಅದಲುಬದಲು. ಮೇಲೆ ಕಂಡ ರಕ್ತದ ಕಲೆ ನಿಜವಾಗಿ ಕೆಳಗಿದೆ. ಮೊದಲ ತಿಂಗಳು ಅವಳಿಗೆ ಬೆಳಕಿನ ಮಿಂಚು ಬಿಟ್ಟರೆ ಬೇರೇನೂ ಸ್ಥಿರವಾಗಿ ಕಾಣಲಿಲ್ಲವಂತೆ. ಮೊದಲು ಭಿಂಗವಿಲ್ಲದೆ ದೀಪವನ್ನು ಪಾಪೆಯ ನಟ್ಟನಡುವೆ ನಿಲ್ಲಿಸುವುದು, ಆಮೇಲೆ ಭಿಂಗ ಅಡ್ಡ ತರುವುದು, ಆಮೇಲೆ ಯಂತ್ರವನ್ನು ಮೆಲ್ಲಗೆ ಹಿಂದಕ್ಕೆ ಎಳೆಯುವುದು. ಈ ಕ್ರಮ ಕೈಗೆ ಹತ್ತಿದ ಮೇಲೆ ಸುಲಭವಾಯಿತಂತೆ. 20ರ ಭಿಂಗದಲ್ಲಿ ಕಂಡದ್ದನ್ನು ಬಣ್ಣದ ಪೆನ್ಸಿಲಿನಿಂದ ಚಿತ್ರ ಬರೆಯಬೇಕು: ಅಪಧಮನಿ ಕೆಂಪು, ಅಭಿಧಮನಿ ನೀಲಿ, ರಕ್ತಸ್ರಾವ ಕೆಂಪು, ಕಳಚಿದ ಪರದೆ ನೀಲಿ. ಅದಕ್ಕೆ ಹಳೆಯ ಗುರುಗಳ ಉಪಾಯವೆಂದರೆ ಕಾಗದವನ್ನೇ ತಲೆಕೆಳಗು ಇಟ್ಟು, ಕಂಡದ್ದನ್ನು ಕಂಡಂತೆ ಬರೆಯುವುದು. ಕಾಗದ ತಿರುಗಿಸಿದರೆ ಎಲ್ಲ ತನ್ನ ಜಾಗಕ್ಕೆ ಬಂದಿರುತ್ತದೆ. ನನಗೆ ಇದರಲ್ಲಿ ಆಶ್ಚರ್ಯವಾಗಲಿಲ್ಲ. ಗಾದಿಯ ಮೇಲೆ ಕೂತ ವ್ಯಾಪಾರಿ ಎದುರಿಗೆ ಕೂತವನ ಕೈಯ ಚೀಟಿಯನ್ನು ತಲೆಕೆಳಗಾಗಿಯೇ ಓದಿ ಬೆಲೆ ಹೇಳುತ್ತಾನಲ್ಲವೇ?

ಭಿಂಗ ಒರೆಸುವ ಬಗ್ಗೆಯೂ ಒಂದು ಮಾತು. ಕಲಿಯುವವರು ಅವಸರದಲ್ಲಿ ಓಡಣಿಯಲ್ಲೋ ಕೋಟಿನ ತುದಿಯಲ್ಲೋ ಒರೆಸಿಬಿಡುತ್ತಾರೆ. ಬಟ್ಟೆಯ ಧೂಳು ಲೇಪವನ್ನು ಗೀರುತ್ತದೆ. ಸೌಮ್ಯ ಸಾಬೂನಿನ ನೀರಿನಲ್ಲಿ ತೊಳೆದು, ಎಳೆ ಬಿಡದ ಮೆತ್ತನೆ ಬಟ್ಟೆಯಿಂದ ಒತ್ತಿ ಒಣಗಿಸಬೇಕು. ಮೆತ್ತನೆ ಬಟ್ಟೆಯ ಪೂರೈಕೆ ನಮ್ಮ ಅಂಗಡಿಯಿಂದಲೇ.

ಕಳೆದ ಚಾತುರ್ಮಾಸದಲ್ಲಿ ಅಕ್ಕ ಸೊಲ್ಲಾಪುರಕ್ಕೆ ಬಂದಿದ್ದಾಗ ಹುಡುಗಿ ಅವಳನ್ನು ತನ್ನ ವಿಭಾಗಕ್ಕೆ ಕರೆದುಕೊಂಡು ಹೋದಳು. ನಾನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದೆ. ಅಕ್ಕನ ಪಾಪೆ ನನ್ನದಕ್ಕಿಂತಲೂ ಸಣ್ಣದು. ಕೆಂಪು ಉಂಗುರದ 90 ಅವಳ ಒಳ್ಳೆಯ ಕಣ್ಣಿನ ಮುಂದೆ ಬಹಳ ಹೊತ್ತು ನಿಂತಿತು, ಆಮೇಲೆ ಇನ್ನೊಂದು ಕಣ್ಣಿನ ಮುಂದೆ, ಮತ್ತೆ ಮೊದಲಿನದರ ಮುಂದೆ.

"ಏನು ಕಾಣ್ತದ ನನ್ನವ್ವಾ?" ಎಂದಳು ಅಕ್ಕ.

"ಬಟ್ಟಲು ಕಾಣ್ತದ ಅತ್ತಿ."

"ತುಂಬಿದ್ದೋ, ಖಾಲಿಯೋ?"

ಹುಡುಗಿ ಉತ್ತರ ಹೇಳಲಿಲ್ಲ. ಭಿಂಗವನ್ನು ಡಬ್ಬಿಯಲ್ಲಿಟ್ಟು, ಅಕ್ಕನ ಗದ್ದವನ್ನು ಯಂತ್ರದಿಂದ ತಾನೇ ಹಿಡಿದು ಬಿಡಿಸಿದಳು. ಹನಿ ಹಾಕಿಕೊಳ್ಳುವ ವೇಳೆ ಒಂದು ಹೊತ್ತೂ ತಪ್ಪಬಾರದು, ಹಳ್ಳಿಯಲ್ಲಿ ಸೀಸೆ ಮುಗಿಯುವ ಎಂಟು ದಿನ ಮೊದಲೇ ಫೋನು ಮಾಡಬೇಕು ಎಂದಳು. ಕಳೆದ ಸಲದ ಚಿತ್ರಕ್ಕೂ ಈ ಸಲ ತಾನು ಕಂಡದ್ದಕ್ಕೂ ಅಂಚಿನಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ ಎಂದು ಹೊರಗೆ ಬಂದ ಮೇಲೆ ನನಗೆ ಹೇಳಿದಳು. ಅಂದರೆ ಹನಿ ಕೆಲಸ ಮಾಡುತ್ತಿದೆ. ಕೇಸ್‌ಪೇಪರಿನಲ್ಲಿ ಅವತ್ತು ಬರೆದದ್ದು ಅವಳು ತಾನೇ ನೋಡಿದ್ದು. ಅಕ್ಕನ ಇಬ್ಬರು ಗಂಡುಮಕ್ಕಳನ್ನೂ ಮಗಳನ್ನೂ ಮುಂದಿನ ವಾರವೇ ಕರೆಸಿ ನೋಡಿದಳು. ಹಿರಿಯ ಮಗನ ಬಲಗಣ್ಣಿನ ಬಗ್ಗೆ ಅನುಮಾನ ಬಂದು ಒತ್ತಡ ಅಳೆಸಿ, ನೋಟದ ಸುತ್ತಳತೆಯ ಪರೀಕ್ಷೆಗೂ ಕಳಿಸಿದ್ದಾರೆ. ಅವನಿಗೆ ಈಗ ನಲವತ್ತು ಮಾತ್ರ, ಚಾಳೀಸೂ ಇನ್ನೂ ಬಂದಿಲ್ಲ.

ಈಗ ಅವಳ ಹೊಸ ಬೇಡಿಕೆ ಮೂಲೆ ನೋಡುವ ಭಿಂಗದ್ದು. ಮೂರು ಕನ್ನಡಿಯದೊಂದು ಇದೆ, ಅದಕ್ಕೆ ಕಣ್ಣಿನಲ್ಲಿ ಅಂಟು ಔಷಧ ಹಾಕಿ ಹಿಡಿಯಬೇಕು, ಹಿಡಿದರೆ ಅಲುಗುವುದಿಲ್ಲ. ನಾಲ್ಕು ಕನ್ನಡಿಯದಕ್ಕೆ ಅಂಟು ಬೇಡ, ಬೇಗ ಮುಗಿಯುತ್ತದೆ, ಆದರೆ ಕೈ ಹಗುರವಿರಬೇಕು. ಸ್ವಲ್ಪ ಒತ್ತಿದರೂ ಇಕ್ಕಟ್ಟಾದ ಮೂಲೆ ತೆರೆದಂತೆ ಸುಳ್ಳು ತೋರಿಸುತ್ತದೆ. ಯಾವುದು ಮೊದಲು ಎಂದು ಕೇಳಿದ್ದಾಳೆ. ಎರಡನ್ನೂ ಎರವಲು ತಂದಿಟ್ಟು ತಿಳಿಸು, ಬರುವ ಸೋಮವಾರ ಅಂಗಡಿಗೆ ರಜೆ ಇದೆ ಎಂದಿದ್ದೇನೆ.